ದಿನೋರ್ವಿಗ್: ಕ್ವಾರಿಯ ಹೊಟ್ಟೆಯಲ್ಲೊಂದು ವಿದ್ಯುದಾಗಾರ

ಉತ್ತರ ವೇಲ್ಸ್‌ನ ಲಾನ್‌ಬೆರಿಸ್ ಊರಿನ ಬಳಿ ಎಲಿಡಿರ್ ವೌರ್ ಬೆಟ್ಟದ ಒಂದು ಮಗ್ಗುಲನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದಾರೆ. ಅದೇ ದಿನೋರ್ವಿಗ್ ಸ್ಲೇಟುಕಲ್ಲಿನ ಕ್ವಾರಿ. 1787ರಿಂದ 1969ರವರೆಗೆ ಮನೆಗಳ ಚಾವಣಿಗೆ ಹೊದಿಸುವ ಕಲ್ಲುಹಲಗೆಗಳು ಇಲ್ಲಿಂದ ಹೋದವು. 19ನೇ ಶತಮಾನದ ಕೊನೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿಗೆ ಇದೇ ಅನ್ನದ ದಾರಿಯಾಗಿತ್ತು. ಅಗೆದ ಕಲ್ಲಿನಲ್ಲಿ ಬಹುಪಾಲು ಚೂರಾಗಿ ಗುಡ್ಡೆ ಬಿದ್ದಿತು. ಆ ಗುಡ್ಡೆಗಳು ಇಂದಿಗೂ ಸರೋವರದ ದಂಡೆಯವರೆಗೆ ಇಳಿದಿವೆ.

ಕ್ವಾರಿ ಮುಚ್ಚಿದ ಐದು ವರ್ಷಕ್ಕೆ, 1974ರಲ್ಲಿ, ಅದೇ ಬೆಟ್ಟದೊಳಗೆ ಪಂಪ್ಡ್ ಸ್ಟೋರೇಜ್ ವಿದ್ಯುದಾಗಾರದ ಕೆಲಸ ಶುರುವಾಯಿತು. ಪಕ್ಕದಲ್ಲೇ ರಾಷ್ಟ್ರೀಯ ಉದ್ಯಾನವಿದ್ದುದರಿಂದ ಯಂತ್ರಗಳನ್ನೆಲ್ಲ ನೆಲದಡಿಯಲ್ಲಿ ಇಡಬೇಕಾಯಿತು. 1.2 ಕೋಟಿ ಟನ್ ಬಂಡೆ ತೆಗೆದು 16 ಕಿಲೋಮೀಟರ್ ಸುರಂಗ ಕೊರೆದರು. ಕೆಳಗಿನ ಪೆರಿಸ್ ಸರೋವರವನ್ನು ಬರಿದು ಮಾಡುವ ಮೊದಲು ಅಲ್ಲಿದ್ದ ಆರ್ಕ್‌ಟಿಕ್ ಚಾರ್ ಎಂಬ ಅಪರೂಪದ ಮೀನುಗಳನ್ನು ಬೇರೆ ಸರೋವರಗಳಿಗೆ ಸಾಗಿಸಿದರು. 1984ರಲ್ಲಿ ಕೇಂದ್ರ ಪೂರ್ಣಗೊಂಡಿತು.

ವಿದ್ಯುತ್ತಿಗೆ ಬೇಡಿಕೆ ಕಡಿಮೆಯಿರುವ ಹೊತ್ತಿನಲ್ಲಿ ಪೆರಿಸ್‌ನ ನೀರು ಮೇಲಿನ ಮಾರ್ಚ್‌ಲಿನ್ ಮೌರ್ ಜಲಾಶಯಕ್ಕೆ ಏರುತ್ತದೆ; ಬೇಡಿಕೆ ಹೆಚ್ಚಿದಾಗ ಸುಮಾರು 500 ಮೀಟರ್ ಧುಮುಕಿ ಆರು ಯಂತ್ರಗಳನ್ನು ತಿರುಗಿಸುತ್ತದೆ. ಒಟ್ಟು ಸಾಮರ್ಥ್ಯ 1,728 ಮೆಗಾವಾಟ್. ಏರಿಸಲು ಖರ್ಚಾದ ವಿದ್ಯುತ್ತಿನಲ್ಲಿ ಮುಕ್ಕಾಲು ಪಾಲು ಮಾತ್ರ ಮರಳಿ ಸಿಗುತ್ತದೆ. ಹಾಗಾಗಿ ಇಲ್ಲಿ ಇಂಗಾಲದ ಹೊರಸೂಸುವಿಕೆ ಎಷ್ಟು ತಗ್ಗುತ್ತದೆ ಎಂಬುದು ನೀರೆತ್ತುವ ವಿದ್ಯುತ್ತು ಎಲ್ಲಿಂದ ಬಂತು ಎಂಬುದರ ಮೇಲೆ ನಿಂತಿದೆ. ಮೊದಲು ಅಣುಸ್ಥಾವರಗಳನ್ನು ನೆಚ್ಚಿ ಕಟ್ಟಿದ ಈ ಕೇಂದ್ರ ಈಗ ಗಾಳಿವಿದ್ಯುತ್ತಿನ ಏರಿಳಿತಕ್ಕೂ ಹೆಗಲು ಕೊಡುತ್ತಿದೆ.

ದಿನೋರ್ವಿಗ್‌ನ ನಿಜವಾದ ಸೋಜಿಗ ಅದರ ವೇಗ. ಟರ್ಬೈನಿನ ಸುತ್ತಲಿನ ನೀರನ್ನು ಒತ್ತಡದ ಗಾಳಿಯಿಂದ ಹೊರದೂಡಿ, ಗ್ರಿಡ್ಡಿನ ವಿದ್ಯುತ್ತಿನಿಂದಲೇ ಅದನ್ನು ನಿಮಿಷಕ್ಕೆ 500 ಸುತ್ತು ತಿರುಗಿಸುತ್ತಿರುತ್ತಾರೆ. ಆಜ್ಞೆ ಬಂದ ಕೂಡಲೇ ನೀರು ಬಿಟ್ಟರೆ ಕೇವಲ 12 ಸೆಕೆಂಡಿನಲ್ಲಿ ಸೊನ್ನೆಯಿಂದ 1,320 ಮೆಗಾವಾಟ್ ಬರುತ್ತದೆ. ಬ್ರಿಟನ್ನಿನಲ್ಲಿ ಈ ಅವಸರಕ್ಕೆ ಚಹಾದ ನಂಟಿದೆ. 1990ರ ಜುಲೈ 4ರಂದು ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಪಶ್ಚಿಮ ಜರ್ಮನಿಗೆ ಪೆನಾಲ್ಟಿಯಲ್ಲಿ ಸೋತ ಬೆನ್ನಿಗೇ ಲಕ್ಷಾಂತರ ಮನೆಗಳಲ್ಲಿ ಕೆಟಲ್ ಹೊತ್ತಿ, ಬೇಡಿಕೆ 2,800 ಮೆಗಾವಾಟ್‌ನಷ್ಟು ಜಿಗಿಯಿತು. ಇಂಥ ಗಳಿಗೆಗಾಗಿಯೇ ಬೆಟ್ಟದ ಮೇಲಿನ ನೀರು ಕಾದಿರುತ್ತದೆ.

ನಮ್ಮ ಕರ್ನಾಟಕದ ಶರಾವತಿ ಕಣಿವೆಯಲ್ಲೂ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಇಂಥದೇ ಯೋಜನೆಯ ಪ್ರಸ್ತಾವವಿದೆ. ತತ್ತ್ವ ಒಂದೇ, ಜಾಗ ಬೇರೆ: ಅಲ್ಲಿ ಆಗಲೇ ಗಾಯಗೊಂಡಿದ್ದ ಬೆಟ್ಟ, ಇಲ್ಲಿ ಸಿಂಗಳೀಕಗಳು ಬದುಕಿರುವ ಕಾಡು. ಈ ವ್ಯತ್ಯಾಸವನ್ನು ಯೋಜನೆಯ ಲೆಕ್ಕದಲ್ಲಿ ಮೊದಲ ಸಾಲಿನಲ್ಲೇ ಬರೆಯಬೇಕು.

ದಿನೋರ್ವಿಗ್ ಕ್ವಾರಿಯ ಹಳೆಯ ಕಾರ್ಯಾಗಾರ 1972ರಲ್ಲಿ ವಸ್ತುಸಂಗ್ರಹಾಲಯವಾಯಿತು. 2021ರಲ್ಲಿ ಈ ಸೀಮೆಯ ಸ್ಲೇಟು ನೆಲಗಳಿಗೆ ಯುನೆಸ್ಕೊ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿತು. ಉಳಿ ಇಟ್ಟು, ಕೊಡತಿಯಿಂದ ಮೆಲ್ಲಗೆ ತಟ್ಟಿ ಕಲ್ಲನ್ನು ತೆಳ್ಳಗೆ ಸೀಳುವ ಕಸುಬು ಆ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನವಾಗಿ ಉಳಿಯಿತು. ಕ್ವಾರಿ ಸಾಕಿದಷ್ಟು ಮನೆಗಳನ್ನು ವಿದ್ಯುದಾಗಾರ ಸಾಕಲಿಲ್ಲ. ಕಟ್ಟುವಾಗ ದೊರೆತ ಕೂಲಿ ಕಟ್ಟಿ ಮುಗಿದಾಗ ನಿಂತಿತು. ನಡೆಸಲು ಬೇಕಾದದ್ದು ಬೇರೆಯೇ ಕಸುಬಿನ ಕೆಲವೇ ಮಂದಿ.