ಕಣ್ಣಿಗೆ ಬಿದ್ದ ಹೂ

(ಬಾನುಲಿ ಭಾಷಣ)

‘ಅವನ ಕಣ್ಣಿಗೆ ಹೂ ಬಿದ್ದಿದೆ’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಉಂಟು. ಕರಿಯಾಲಿಯ ಮೇಲೆ ಬಿಳಿಯ ಮಚ್ಚೆಯೊಂದು ನಿಂತುಬಿಟ್ಟ ಕಣ್ಣನ್ನು ಕುರಿತು ಹಾಗೆ ಹೇಳುತ್ತಾರೆ. ಇಷ್ಟು ಕಠೋರವಾದ ಸಂಗತಿಗೆ ಇಷ್ಟು ಕೋಮಲವಾದ ಹೆಸರಿಟ್ಟ ಪುಣ್ಯಾತ್ಮರು ಯಾರೋ! ಕಣ್ಣಿನ ವೈದ್ಯನಾದ ನಾನು ಈ ಹೂವನ್ನು ನೂರಾರು ಮುಖಗಳಲ್ಲಿ ಕಂಡಿದ್ದೇನೆ. ಹಲವು ವೇಳೆ ಅದು ಮಾಯ್ದ ಹುಣ್ಣೊಂದರ ಕಲೆ. ಆ ಹುಣ್ಣು ಹುಟ್ಟುವ ಬಗೆಯನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕೈಗಡಿಯಾರದ ಮೇಲೆ ಗಾಜು ಕುಳಿತಿರುವಂತೆ ಕಣ್ಣಿನ ಮುಂಭಾಗದಲ್ಲಿ ಕುಳಿತಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ನಡುವೆ ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಬೆಳಕಿಗೆ ಅಡ್ಡಿಯಾಗಬಾರದೆಂದು ಪ್ರಕೃತಿ ಅದರೊಳಗೆ ರಕ್ತನಾಳಗಳನ್ನೇ ಇಟ್ಟಿಲ್ಲ. ಇದಕ್ಕೆ ಕಣ್ಣು ತೆರಬೇಕಾದ ಬೆಲೆಯೂ ಉಂಟು. ಕೈಗೆ ಗಾಯವಾದರೆ ರಕ್ತದ ಬಿಳಿಯ ಕಣಗಳು ತಕ್ಷಣ ಅಲ್ಲಿಗೆ ಧಾವಿಸುತ್ತವೆ. ಕಾರ್ನಿಯಾದ ನಡುವೆ ಗಾಯವಾದರೆ ಅವು ಅಂಚಿನಿಂದಲೂ ಕಣ್ಣೀರಿನ ಮೂಲಕವೂ ಸುತ್ತಿ ಬರಬೇಕು. ಆದಕಾರಣ ಇಲ್ಲಿನ ರಕ್ಷಣೆಯೆಲ್ಲ ಹೊರಬಾಗಿಲಿನಲ್ಲಿಯೇ ಇದೆ: ಮಿಟುಕುವ ರೆಪ್ಪೆ, ತೊಳೆಯುವ ಕಣ್ಣೀರು, ಐದಾರು ಸಾಲು ಜೀವಕೋಶಗಳ ತೆಳುವಾದ ಮೇಲ್ಪದರ. ಕಣ್ಣೀರು ಬರಿಯ ಉಪ್ಪುನೀರಲ್ಲ. ಅದರಲ್ಲಿ ರೋಗಾಣುಗಳನ್ನು ಕರಗಿಸುವ ಲೈಸೊಜೈಮ್ ಎಂಬ ದ್ರವ್ಯವಿದೆ. ಪೆನಿಸಿಲಿನ್ನಿನ ಅಲೆಕ್ಸಾಂಡರ್ ಫ್ಲೆಮಿಂಗ್ ಅದನ್ನು 1922ರಲ್ಲೇ ಲೋಕಕ್ಕೆ ತಿಳಿಸಿದ್ದ. ಅದಕ್ಕಾಗಿ ಆತ ಜೊತೆಗಾರರ ಕಣ್ಣಿಗೆ ನಿಂಬೆಹಣ್ಣು ಹಿಂಡಿ ಕಣ್ಣೀರು ಕೂಡಿಸಿದನಂತೆ. ವಿಜ್ಞಾನಕ್ಕಾಗಿ ಅತ್ತವರ ಪಟ್ಟಿಯಲ್ಲಿ ಅವರನ್ನೂ ಸೇರಿಸಬೇಕು.

ಈ ಮೇಲ್ಪದರ ಇಡಿಯಾಗಿರುವವರೆಗೆ ಬಹುಪಾಲು ರೋಗಾಣುಗಳಿಗೆ ಒಳಗೆ ಪ್ರವೇಶವಿಲ್ಲ. ಒಂದು ಗೀರು ಸಾಕು, ಕೋಟೆ ಬಿರುಕು ಬಿಟ್ಟಂತೆ. ನಮ್ಮ ನಾಡಿನಲ್ಲಿ ಆ ಗೀರು ಬರುವುದು ಹೆಚ್ಚಾಗಿ ಹೊಲದಿಂದ, ಕಣದಿಂದ. ತೂರುವಾಗ ಹಾರಿದ ಭತ್ತದ ಹೊಟ್ಟು, ಕಬ್ಬಿನ ಗರಿಯ ಅಲಗು, ಹಾಲು ಕರೆಯುವಾಗ ಬೀಸಿದ ಹಸುವಿನ ಬಾಲ, ಇವೇ ಆಯುಧಗಳು. ಸಸ್ಯದ ಚೂರಿನೊಂದಿಗೆ ಬೂಷ್ಟಿನ ಬೀಜಕಣಗಳೂ ಒಳಸೇರುತ್ತವೆ. ಬೂಷ್ಟಿನಿಂದಾದ ಇಂಥ ಹುಣ್ಣನ್ನು ಮೊದಲು ವರ್ಣಿಸಿದವನು ಜರ್ಮನಿಯ ಥಿಯೊಡೋರ್ ಲೇಬರ್, 1879ರಲ್ಲಿ. ಅವನ ರೋಗಿಯೂ ಒಬ್ಬ ರೈತನೇ. ಓಟ್ಸ್ ಒಕ್ಕುತ್ತಿದ್ದಾಗ ಅದರ ಹೊಟ್ಟು ಕಣ್ಣಿಗೆ ಬಡಿದಿತ್ತು.

1994ರ ಮೊದಲ ಮೂರು ತಿಂಗಳಲ್ಲಿ ಮಧುರೆಯ ವೈದ್ಯರು ಕಾರ್ನಿಯಾದ ಹುಣ್ಣಿನಿಂದ ಬಂದ 434 ಮಂದಿಯನ್ನು ಪರೀಕ್ಷಿಸಿದರು. ನೂರಕ್ಕೆ 65 ಮಂದಿ ಕಣ್ಣಿಗೆ ಪೆಟ್ಟಾದುದನ್ನು ನೆನೆದು ಹೇಳಿದರು. ರೋಗಾಣು ಬೆಳೆದು ಗುರುತು ಸಿಕ್ಕವರಲ್ಲಿ ಬ್ಯಾಕ್ಟೀರಿಯಾ ಮತ್ತು ಬೂಷ್ಟು ಹೆಚ್ಚುಕಡಮೆ ಸರಿಸಮ. ಬೂಷ್ಟುಗಳಲ್ಲಿ ಅರ್ಧದಷ್ಟು ಫ್ಯುಸೇರಿಯಂ ಎಂಬ ಹೊಲದ ಜಾತಿ. ಆ ಜಿಲ್ಲೆಯಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 113 ಮಂದಿಗೆ ಹುಣ್ಣಾಗುತ್ತದೆಂದು ಅಂದು ಲೆಕ್ಕ ಹಾಕಲಾಯಿತು. ಅಮೆರಿಕದ ಮಿನೆಸೋಟದ ಒಂದು ಕೌಂಟಿಯಲ್ಲಿ 1980ರ ದಶಕದಲ್ಲಿ ಅದು 11 ಮಾತ್ರ. ಈ ಹತ್ತು ಮಡಿಯ ಅಂತರದಲ್ಲಿ ಹವೆಯ ಪಾಲೂ ಇರಬಹುದು. ದುಡಿಮೆಯ ಪಾಲು ದೊಡ್ಡದೆಂದು ನನ್ನ ಎಣಿಕೆ.

ಗೀರಿನ ನಂತರ ನಡೆಯುವುದೇ ಹೆಚ್ಚು ನೋವಿನ ಕಥೆ. ಒಮ್ಮೆ ಸುಗ್ಗಿಯ ಕಾಲದಲ್ಲಿ ಐವತ್ತು ದಾಟಿದ ಹೆಣ್ಣುಮಗಳೊಬ್ಬರು ಬಂದರು. ಹೊಟ್ಟು ಬಿದ್ದು ಹನ್ನೊಂದು ದಿನವಾಗಿತ್ತು. ಮೊದಲು ನೆರೆಯ ಮುದುಕಿಯೊಬ್ಬರು ನಾಲಿಗೆಯಿಂದ ಕಸ ತೆಗೆದರು. ಬಾಯಿಯ ರೋಗಾಣುಗಳೂ ಕಣ್ಣಿಗೆ ಸಂದವು. ಆಮೇಲೆ ನಂದಿಬಟ್ಟಲ ರಸ. ಮೂರನೆಯ ದಿನ ಮಗ ಪೇಟೆಯ ಔಷಧದ ಅಂಗಡಿಯಿಂದ ತೊಟ್ಟುಮದ್ದು ತಂದ. ಕೆಂಪು ಇಳಿಯಿತು, ಎಲ್ಲರಿಗೂ ಸಮಾಧಾನವಾಯಿತು. ಅದು ಸ್ಟೀರಾಯ್ಡ್. ಕೆಂಪು ಎಂದರೆ ಶರೀರ ಹೋರಾಡುತ್ತಿರುವುದರ ಗುರುತು; ಆ ಮದ್ದು ಹೋರಾಟವನ್ನೇ ಅಡಗಿಸಿ ಬೂಷ್ಟಿಗೆ ಹೊಲ ಹದಮಾಡಿಕೊಟ್ಟಿತು.

‘ಏನಮ್ಮ, ಇಷ್ಟು ದಿನ ಏಕೆ ಬರಲಿಲ್ಲ?’ ಎಂದೆ.

‘ಸುಗ್ಗಿ ಸ್ವಾಮಿ, ಕಣ ಬಿಟ್ಟು ಹೆಂಗೆ ಬರ್ಲಿ? ಕೆಂಪು ಬೇರೆ ಇಳಿದಿತ್ತು’ ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ನಟಾಮೈಸಿನ್ ಎಂಬ ಮದ್ದನ್ನು ವಾರಗಟ್ಟಲೆ ಹಾಕಿದೆವು. ಫ್ಯುಸೇರಿಯಂ ಮಟ್ಟಿಗೆ ಇಂದಿಗೂ ಅದಕ್ಕೇ ಅಗ್ರಸ್ಥಾನ. 2013ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಹೊಸ ಮದ್ದೊಂದು ಅದರ ಮುಂದೆ ಸೋತಿತು. ಕಣ್ಣಿನ ಗುಡ್ಡೆ ಉಳಿಯಿತು. ಆ ಕಣ್ಣಿನ ಮುಂದೆ ಕೈಯಾಡಿಸಿದರೆ ಆಡಿದ್ದು ತಿಳಿಯುತ್ತಿತ್ತು. ಬೆರಳು ಎಣಿಸಲು ಆಗುತ್ತಿರಲಿಲ್ಲ.

ಎಲ್ಲ ಹುಣ್ಣೂ ಹೊಲದಿಂದ ಬರುವುದಿಲ್ಲ. ಕಣ್ಣಿಗೂ ಮೂಗಿಗೂ ನಡುವೆ ಕಣ್ಣೀರಿನ ಪುಟ್ಟ ಚೀಲವೊಂದಿದೆ. ಅದರ ದಾರಿ ಕಟ್ಟಿಕೊಂಡರೆ ಸದಾ ನೀರು ಸುರಿಯುತ್ತದೆ, ಒತ್ತಿದರೆ ಕೀವು ಬರುತ್ತದೆ. ಅದು ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದ ತವರು. ಕಾರ್ನಿಯಾ ತುಸು ತರಚಿದರೂ ಹುಣ್ಣಾಗಬಹುದು. ಮುಖದ ನರ ಸೋತು ರೆಪ್ಪೆ ಮುಚ್ಚದವರು, ಕುಷ್ಠದಿಂದ ಕಣ್ಣಿನ ಸ್ಪರ್ಶಜ್ಞಾನ ಕಳೆದುಕೊಂಡವರು, ಒಳಮಡಿಸಿದ ರೆಪ್ಪೆಗೂದಲು ದಿನವೂ ಉಜ್ಜುವವರು, ಮಧುಮೇಹಿಗಳು, ಇವರೆಲ್ಲ ಎಚ್ಚರದಿಂದಿರಬೇಕು. ಎ ಜೀವಸತ್ವ ಸಾಲದ ಮಗುವಿಗೆ ದಡಾರ ಬಂದರಂತೂ ಕೆಲವೇ ದಿನಗಳಲ್ಲಿ ಕಾರ್ನಿಯಾ ಕರಗಿಹೋಗಬಹುದು.

ಇದನ್ನು ಕೇಳುತ್ತಿರುವ ಪಟ್ಟಣಿಗರು, ಇದೆಲ್ಲ ಹಳ್ಳಿಯವರ ಕಷ್ಟ ಎಂದುಕೊಂಡಾರು. ಕನ್ನಡಕ ಬೇಡವೆಂದು ಕಾಂಟ್ಯಾಕ್ಟ್ ಲೆನ್ಸ್ ಧರಿಸುವ ಯುವಕ ಯುವತಿಯರಿಗೆ ಅಪಾಯ ಬೇರೆ ದಾರಿಯಿಂದ ಬರುತ್ತದೆ. ಲೆನ್ಸ್ ತೆಗೆಯದೆ ಮಲಗಿದರೆ ಹುಣ್ಣಿನ ಸಂಭವ ಹಲವು ಪಟ್ಟು ಏರುತ್ತದೆ. ನಲ್ಲಿಯ ನೀರಿನಲ್ಲಿ ತೊಳೆದರೆ ಅಕಾಂಥಮೀಬ ಎಂಬ ಏಕಕೋಶಜೀವಿ ಅಂಟಿಕೊಳ್ಳಬಹುದು. ಅದನ್ನು ಓಡಿಸಲು ತಿಂಗಳುಗಳೇ ಬೇಕು.

ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಒಂದು ಸರಳ ಕೆಲಸ ಕಲಿಸಿದರು. ಕಣ್ಣು ಗೀರಿಸಿಕೊಂಡವರನ್ನು ಗುರುತಿಸಿ, ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಬಾರಿಯಂತೆ ಮೂರು ದಿನ ಹಚ್ಚುವುದು, ಅಷ್ಟೆ. 2001ರಲ್ಲಿ ವರದಿ ಬಂತು. ಚಿಕಿತ್ಸೆ ಪಡೆದ 442 ಗೀರುಗಳಲ್ಲಿ ನೂರಕ್ಕೆ 96 ಸೋಂಕಿಲ್ಲದೆ ಮಾಯ್ದಿದ್ದವು. ಗೀರಾದ ಹದಿನೆಂಟು ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಿರಲಿಲ್ಲ.

ಮರುವರ್ಷದ ಸುಗ್ಗಿಯಲ್ಲಿ ಆ ಹೆಣ್ಣುಮಗಳು ಮತ್ತೆ ಬಂದರು, ಸೊಸೆಯ ಕೈಹಿಡಿದುಕೊಂಡು. ಸೊಸೆಯ ಕಣ್ಣಿಗೆ ಬೆಳಿಗ್ಗೆ ಹೊಟ್ಟು ಬಿದ್ದಿತ್ತು. ಇನ್ನೂ ಮಧ್ಯಾಹ್ನವಾಗಿರಲಿಲ್ಲ.