ಮರದ ಮೇಲೆ ಬಾಣಂತನ

ನಮ್ಮ ಮಾಲೂರು ಕಡೆ ಹುಣಸೆಹಣ್ಣು ಬಡಿದು ಮಾರುತ್ತೇವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆಮರದ ಮೇಲೆ ಹಕ್ಕಿಗಳ ಬಾಣಂತನ ನಡೆಯುತ್ತದೆ!

ಚಳಿಗಾಲದಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಬರುತ್ತವೆ. ಗೂಡು ಕಟ್ಟುತ್ತವೆ. ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ತವರಿಗೆ ಬಂದ ಮಗಳು ಅಂತಲೇ ಊರಿನವರು ನೋಡ್ಕೋತಾರೆ.

ಮರಿ ಇರುವಾಗಲೇ ಹಣ್ಣೂ ಮಾಗುತ್ತದೆ. ಕೋಲಿನಿಂದ ಬಡಿದರೆ ಗೂಡು ಬೀಳುತ್ತೆ. ಅದಕ್ಕೇ ಬಡಿಯುವುದಿಲ್ಲ. ನಷ್ಟವಲ್ಲವೇನಮ್ಮಾ? ಹೌದು, ನಷ್ಟವೇ. ಅರಣ್ಯ ಇಲಾಖೆ ಮರದ ಒಡೆಯರಿಗೆ ಒಂದಿಷ್ಟು ಹಣ ಕೊಡುತ್ತದೆ. ಹಕ್ಕಿಯ ಹಿಕ್ಕೆ ಹೊಲಕ್ಕೆ ಗೊಬ್ಬರ. 2007ರಲ್ಲಿ ಸರ್ಕಾರ ಈ ಜಾಗವನ್ನು ಸಮುದಾಯ ಮೀಸಲು ಪ್ರದೇಶ ಮಾಡಿತು.

ಗಾಳಿಗೆ ಮರಿ ಕೆಳಗೆ ಬಿದ್ದರೆ? ತಾಯಿ ಹಕ್ಕಿ ಎತ್ತಿಕೊಳ್ಳಲಾರದು. 1994ರಲ್ಲಿ ಊರಿನಲ್ಲಿ ‘ಹೆಜ್ಜಾರ್ಲೆ ಬಳಗ’ ಹುಟ್ಟಿತು. ಬಳಗದವರು ಬಿದ್ದ ಮರಿಗಳನ್ನು ತಂದು ಬೇಲಿಯೊಳಗೆ ಬಿಟ್ಟರು. ಮೀನು ತಿನ್ನಿಸಿದರು. ರೆಕ್ಕೆ ಬಲಿತ ಮೇಲೆ ಮರಿಗಳು ಹಾರಿಹೋದವು.