0.6 ಎಂ.ಎಲ್. ಔಷಧಿ, ಒಂದು ದಿನದ ಸಂಬಳ: ಮಾತ್ರೆಗೆ ಬಗ್ಗದ ಖಿನ್ನತೆಯ ಲೆಕ್ಕ

ಟಿ. ದಾಸರಹಳ್ಳಿ: ಅರವತ್ತು ಕೆ.ಜಿ. ತೂಕದ ಕಾರ್ಮಿಕನೊಬ್ಬನಿಗೆ ಖಿನ್ನತೆಯ ಚಿಕಿತ್ಸೆಗೆ ಒಂದು ಸಲಕ್ಕೆ ಬೇಕಾಗುವ ಕೆಟಮಿನ್ 30 ಮಿಲಿಗ್ರಾಂ. ಎಂ.ಎಲ್.ಗೆ 50 ಮಿಲಿಗ್ರಾಂ ಇರುವ ಬಾಟಲಿಯಿಂದ ಎಳೆದರೆ ಸಿರಿಂಜಿಗೆ ಬರುವುದು 0.6 ಎಂ.ಎಲ್. ಅಷ್ಟೆ. ಅದನ್ನು ಸಲೈನ್‌ಗೆ ಬೆರೆಸಿ 40 ನಿಮಿಷ ಡ್ರಿಪ್ ಹಾಕುತ್ತಾರೆ. ಮೂರು ವಾರದಲ್ಲಿ ಆರು ಸಲ ಕೊಟ್ಟರೂ ಒಟ್ಟು 180 ಮಿಲಿಗ್ರಾಂ, ಅಂದರೆ 3.6 ಎಂ.ಎಲ್. 10 ಎಂ.ಎಲ್. ಬಾಟಲಿಯ ಅರ್ಧವೂ ಮುಗಿಯುವುದಿಲ್ಲ.

ಔಷಧಿ ಹಳೆಯದು, ಅಗ್ಗದ್ದು. ಅಮೆರಿಕದಲ್ಲಿ 1970ರಲ್ಲಿ ಅರಿವಳಿಕೆಯಾಗಿ ಅನುಮತಿ ಪಡೆಯಿತು. 1985ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಆಪರೇಷನ್‌ಗೆ ಕೆ.ಜಿ.ಗೆ 1ರಿಂದ 2 ಮಿಲಿಗ್ರಾಂ ಕೊಟ್ಟರೆ ಖಿನ್ನತೆಗೆ 0.5 ಸಾಕು. ಆದರೂ ಪಕ್ಕದ ಪೀಣ್ಯ ಕೈಗಾರಿಕಾ ಪ್ರದೇಶದ ಕಾರ್ಮಿಕನಿಗೆ ಈ ಚಿಕಿತ್ಸೆ ದೂರದ ಮಾತಾಗಿಯೇ ಉಳಿದಿದೆ. ಏಕೆಂದರೆ ಇಲ್ಲಿ ದುಬಾರಿಯಾಗುವುದು ಔಷಧಿಯಲ್ಲ, ಸಮಯ.

ಯಾರಿಗೆ ಬೇಕು?

ಎರಡು ಬಗೆಯ ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ, ಆರೆಂಟು ವಾರಗಳಂತೆ ತಪ್ಪದೆ ತೆಗೆದುಕೊಂಡರೂ ಗುಣ ಕಾಣದಿದ್ದರೆ ಅದನ್ನು ಚಿಕಿತ್ಸೆಗೆ ಬಗ್ಗದ ಖಿನ್ನತೆ ಎನ್ನುತ್ತಾರೆ. ಎರಡು ವಾರ ನುಂಗಿ ಬಿಟ್ಟ ಮಾತ್ರೆ ಈ ಲೆಕ್ಕಕ್ಕೆ ಬರುವುದಿಲ್ಲ.

ಅಮೆರಿಕದಲ್ಲಿ ಸುಮಾರು 4,000 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಸ್ಟಾರ್-ಡಿ ಅಧ್ಯಯನದಲ್ಲಿ ಮೊದಲ ಮಾತ್ರೆಗೆ ಪೂರ್ತಿ ಚೇತರಿಸಿಕೊಂಡವರು ಶೇ 37. ಉಳಿದವರಲ್ಲಿ ಎರಡನೆಯ ಹಂತಕ್ಕೆ ಶೇ 31. ಮೂರನೆಯ ಹಂತದಲ್ಲಿ ಪ್ರಮಾಣ ಶೇ 14ಕ್ಕೆ, ನಾಲ್ಕನೆಯದರಲ್ಲಿ ಶೇ 13ಕ್ಕೆ ಕುಸಿಯಿತು. ಅಂದರೆ ನೂರು ಮಂದಿ ಚಿಕಿತ್ಸೆ ಬಿಡದೆ ಮುಂದುವರಿಸಿದರೂ ಎರಡು ಹಂತ ಮುಗಿದಾಗ ಇನ್ನೂ 44 ಮಂದಿ ಕತ್ತಲಲ್ಲೇ ಇರುತ್ತಾರೆ. ಮೂರನೆಯ ಮಾತ್ರೆ ಅವರಲ್ಲಿ ಆರು ಜನರನ್ನಷ್ಟೇ ಮೇಲೆತ್ತುತ್ತದೆ.

ಇದೇ ಲೆಕ್ಕವನ್ನು ನಮ್ಮ ಊರಿಗೆ ತರೋಣ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 2.7ರಷ್ಟು ಮಂದಿಗೆ ಆ ಹೊತ್ತಿಗೆ ಖಿನ್ನತೆ ಇತ್ತು. ಅವರಲ್ಲಿ ಚಿಕಿತ್ಸೆಯೇ ಸಿಗದವರು ಸುಮಾರು ಶೇ 85. ದೇಶದ ಈ ಸರಾಸರಿಯನ್ನು ದಾಸರಹಳ್ಳಿಯ ಸಾವಿರ ವಯಸ್ಕರಿಗೆ ಅನ್ವಯಿಸಿದರೆ:

- ಖಿನ್ನತೆ ಇರುವವರು: 27
- ಚಿಕಿತ್ಸೆ ಸಿಗದವರು: 23
- ಚಿಕಿತ್ಸೆಯಲ್ಲಿರುವವರು: 4
- ಆ ನಾಲ್ವರಲ್ಲಿ ಎರಡು ಹಂತಕ್ಕೂ ಬಗ್ಗದವರು: ಹೆಚ್ಚೆಂದರೆ 2
- ಇಪ್ಪತ್ತೇಳೂ ಮಂದಿಗೆ ಚಿಕಿತ್ಸೆ ಸಿಕ್ಕಿದ್ದರೆ ಹಾಗೆ ಉಳಿಯುತ್ತಿದ್ದವರು: 12

ಆಸ್ಪತ್ರೆಯ ಕಣ್ಣಿಗೆ ಬೀಳುವವರು ಇಬ್ಬರು, ನಿಜಕ್ಕೂ ಇರುವವರು ಹನ್ನೆರಡು. ಉಳಿದ ಹತ್ತು ಮಂದಿ ಮೊದಲ ಮಾತ್ರೆಯನ್ನೇ ಕಂಡಿಲ್ಲ. ಹಾಗಾಗಿ ಕೆಟಮಿನ್ ಬೇಡಿಕೆ ಕಡಿಮೆ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ನಂಬಬಾರದು.

ಫಲ ಎಷ್ಟು?

ಯೇಲ್ ವಿಶ್ವವಿದ್ಯಾಲಯದ ತಂಡ 2000ದಲ್ಲಿ ಬೆರಳೆಣಿಕೆಯ ರೋಗಿಗಳ ಮೇಲೆ ನಡೆಸಿದ ಕೆಟಮಿನ್‌ನ ಮೊದಲ ಪ್ರಯೋಗದ ಫಲಿತಾಂಶ ಪ್ರಕಟಿಸಿತು. 2006ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ 18 ರೋಗಿಗಳನ್ನು ಆರಿಸಿಕೊಂಡಿತು. ಕೆಟಮಿನ್ ಪಡೆದವರಲ್ಲಿ ಶೇ 71 ಮಂದಿಗೆ ಒಂದೇ ದಿನದಲ್ಲಿ ಹಗುರವಾಯಿತು. ಮಾತ್ರೆ ಕೆಲಸ ಮಾಡಲು ವಾರಗಳು ಬೇಕು. ಸಾಯುವ ಯೋಚನೆ ಕಾಡುತ್ತಿರುವವರ ಮನೆಯಲ್ಲಿ ಆ ವಾರಗಳನ್ನು ಕಳೆಯುವುದು ಎಷ್ಟು ಕಷ್ಟವೆಂದು ಆ ಮನೆಯವರಿಗಷ್ಟೇ ಗೊತ್ತು.

ಆದರೆ ಒಂದು ಡೋಸಿನ ಗುಣ ಹೆಚ್ಚಿನವರಲ್ಲಿ ಕೆಲವು ದಿನವಷ್ಟೇ ಉಳಿಯುತ್ತದೆ. ಸರಣಿಯಾಗಿ ಕೊಡುವುದು ಅದಕ್ಕಾಗಿಯೇ. ಜನ 'ಕರೆಂಟ್ ಟ್ರೀಟ್‌ಮೆಂಟ್' ಎನ್ನುವ ಇಸಿಟಿಯ ಜೊತೆ ಕೆಟಮಿನ್ ಅನ್ನು ಹೋಲಿಸಿದ ಅಮೆರಿಕದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಪಡೆದ 365 ರೋಗಿಗಳಲ್ಲಿ ಕೆಟಮಿನ್‌ಗೆ ಸ್ಪಂದಿಸಿದವರು ಶೇ 55.4, ಇಸಿಟಿಗೆ ಶೇ 41.2. ಕೆಟಮಿನ್ ವಾರಕ್ಕೆ ಎರಡು ಸಲ, ಇಸಿಟಿ ಮೂರು ಸಲ. ಗುಣ ಕಂಡವರಲ್ಲಿ ಆರು ತಿಂಗಳೊಳಗೆ ಕಾಯಿಲೆ ಮರಳಿದ್ದು ಕೆಟಮಿನ್ ಗುಂಪಿನ ಶೇ 34.5 ಮಂದಿಗೆ. ಸ್ವೀಡನ್ನಿನ 2022ರ ಅಧ್ಯಯನದಲ್ಲಿ ಮಾತ್ರ ಇಸಿಟಿಯೇ ಮುಂದಿತ್ತು: ಪೂರ್ತಿ ಚೇತರಿಕೆ ಶೇ 63, ಕೆಟಮಿನ್‌ಗೆ ಶೇ 46. ಭ್ರಮೆ ಕಾಣುವಂಥ ತೀವ್ರ ಖಿನ್ನತೆಗೆ ಇಂದಿಗೂ ಇಸಿಟಿಯೇ ಗಟ್ಟಿ.

ಬಿಲ್‌ನಲ್ಲಿ ಏನೇನಿರುತ್ತದೆ?

ಕೆಟಮಿನ್‌ನ ಸೋದರ ಔಷಧಿ ಎಸ್‌ಕೆಟಮಿನ್. 'ಸ್ಪ್ರವಾಟೊ' ಹೆಸರಿನ ಈ ಮೂಗಿನ ಸ್ಪ್ರೇಗೆ ಅಮೆರಿಕ 2019ರ ಮಾರ್ಚ್‌ನಲ್ಲಿ ಅನುಮತಿ ಕೊಟ್ಟಿತು. ಆಗ ಒಂದು ಸಲದ ದರ 56 ಮಿಲಿಗ್ರಾಂಗೆ 590 ಡಾಲರ್, 84 ಮಿಲಿಗ್ರಾಂಗೆ 885 ಡಾಲರ್. ಅಂದಿನ ವಿನಿಮಯದಲ್ಲಿ ಸುಮಾರು 41,000 ಮತ್ತು 62,000 ರೂಪಾಯಿ. ಪೇಟೆಂಟ್ ಮುಗಿದ ಮಾಮೂಲಿ ಕೆಟಮಿನ್‌ಗೆ ಈ ಹೊರೆಯಿಲ್ಲ.

ಹೊರೆ ಇರುವುದು ಔಷಧಿಯ ಸುತ್ತ. ಡ್ರಿಪ್ ಓಡುವಾಗ ತೋಳಿಗೆ ಬಿ.ಪಿ. ಪಟ್ಟಿ, ಬೆರಳಿಗೆ ಆಕ್ಸಿಜನ್ ಕ್ಲಿಪ್ ಇರಬೇಕು. ರಕ್ತದೊತ್ತಡ ಏರುತ್ತದೆ. ದೇಹ ತೇಲಿದಂತೆ, ಕೋಣೆ ದೂರ ಸರಿದಂತೆ ಅನಿಸುತ್ತದೆ. ಪಕ್ಕದಲ್ಲಿ ನರ್ಸ್, ಕರೆದರೆ ಬರುವಷ್ಟು ಹತ್ತಿರದಲ್ಲಿ ವೈದ್ಯರು ಬೇಕು. ಆಮೇಲೂ ಒಂದೆರಡು ಗಂಟೆ ನಿಗಾ. ಮರುದಿನದವರೆಗೆ ಬೈಕ್ ಓಡಿಸುವಂತಿಲ್ಲ, ಲೇತ್ ಅಥವಾ ಪ್ರೆಸ್ ಮುಂದೆ ನಿಲ್ಲುವಂತಿಲ್ಲ. ಜೊತೆಗೊಬ್ಬರು ಬರಲೇಬೇಕು. ದಾಸರಹಳ್ಳಿಯಿಂದ ನಿಮ್ಹಾನ್ಸ್‌ನಂಥ ದೊಡ್ಡಾಸ್ಪತ್ರೆಗೆ ಹಸಿರು ಮಾರ್ಗದ ಮೆಟ್ರೊದಲ್ಲಿ ಲಾಲ್‌ಬಾಗ್‌ವರೆಗೆ ಹೋಗಿ, ಆಮೇಲೆ ಆಟೊ ಹಿಡಿಯಬೇಕು. ಅಲ್ಲಿಗೆ ಒಂದು ಶಿಫ್ಟ್ ಹೋಯಿತು.

ತಿಂಗಳಿಗೆ ₹18,000 ದುಡಿಯುವವರ ದಿನದ ಸಂಬಳ, 26 ದಿನದ ಲೆಕ್ಕದಲ್ಲಿ, ₹692. ಆರು ದಿನಕ್ಕೆ ₹4,154. ಜೊತೆಗೆ ಬರುವವರೂ ಅಷ್ಟೇ ದುಡಿಯುವವರಾದರೆ ಮನೆಗೆ ₹8,308 ಖೋತಾ. ಆಸ್ಪತ್ರೆ ಒಂದು ರೂಪಾಯಿ ತೆಗೆದುಕೊಳ್ಳದಿದ್ದರೂ ಇಷ್ಟು ಹೋಗುತ್ತದೆ.

ಕಾರ್ಡಿನಲ್ಲಿರುವ ಹಕ್ಕು

ಇದೇ ಕಾರ್ಮಿಕನ ಸಂಬಳದಿಂದ ಕಾರ್ಮಿಕರ ವಿಮೆಯಾದ ಇಎಸ್‌ಐಗೆ ತಿಂಗಳಿಗೆ ಶೇ 0.75, ಅಂದರೆ ₹135 ಕಡಿತವಾಗುತ್ತದೆ. ಮಾಲೀಕರ ಪಾಲು ಶೇ 3.25, ₹585. ಅನಾರೋಗ್ಯದ ರಜೆಗೆ ಇಎಸ್‌ಐ ವರ್ಷಕ್ಕೆ 91 ದಿನದವರೆಗೆ ಶೇ 70ರಷ್ಟು ವೇತನ ಕೊಡುತ್ತದೆ. ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿ 'ಎಂಡೋಜಿನಸ್ ಡಿಪ್ರೆಶನ್' ಕೂಡ ಇದೆ. ಎರಡು ವರ್ಷದ ನಿರಂತರ ಕೆಲಸ ಮತ್ತು ಅಷ್ಟರಲ್ಲಿ 156 ದಿನದ ವಂತಿಗೆ ಇದ್ದವರಿಗೆ ಎರಡು ವರ್ಷದವರೆಗೂ ಶೇ 80ರಷ್ಟು ವೇತನ ಸಿಗಬಹುದು. ಖಾಸಗಿ ವಿಮೆ ಇದ್ದವರಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಬಲವಿದೆ. ದೇಹದ ಕಾಯಿಲೆಗೆ ಕೊಡುವ ರಕ್ಷಣೆಯನ್ನೇ ಮನಸ್ಸಿನ ಕಾಯಿಲೆಗೂ ಕೊಡಬೇಕೆಂದು ಅದು ಹೇಳುತ್ತದೆ.

ಇಷ್ಟೆಲ್ಲ ಹೇಳಿದ್ದರ ಅರ್ಥ ಕೆಟಮಿನ್ ಅನ್ನು ಸಡಿಲ ಬಿಡಬೇಕೆಂದಲ್ಲ. 2011ರಲ್ಲಿ ಅದು ಮಾದಕವಸ್ತು ಕಾಯ್ದೆಯಡಿ ಬಂತು, 2013ರ ಡಿಸೆಂಬರ್‌ನಲ್ಲಿ ಷೆಡ್ಯೂಲ್ ಎಕ್ಸ್‌ಗೆ ಸೇರಿತು. ಬೀಗದ ಕಪಾಟು, ಎರಡು ಪ್ರತಿ ಚೀಟಿ, ಎರಡು ವರ್ಷದ ದಾಖಲೆ ಕಡ್ಡಾಯ. ಚಟವಾಗುವ, ಬಹುಕಾಲ ಬಳಸಿದರೆ ಮೂತ್ರಕೋಶ ಕೆಡಿಸುವ ಔಷಧಿಗೆ ಈ ಕಟ್ಟುನಿಟ್ಟು ಸರಿಯೇ. ಮನೆಯಲ್ಲಿ ಬಳಸುವ ಮಾತೇ ಇಲ್ಲ.

ಬೇಕಾಗಿರುವುದು ಕಾರ್ಮಿಕರ ಊರಿಗೆ ಹತ್ತಿರದ ಆಸ್ಪತ್ರೆಯಲ್ಲಿ ಮಾನಿಟರ್ ಇರುವ ನಾಲ್ಕು ಹಾಸಿಗೆ, ತರಬೇತಾದ ನರ್ಸ್, ವಾರದಲ್ಲಿ ಎರಡು ದಿನ. ದಿನಕ್ಕೆ ಎರಡು ಸರದಿಯಾದರೆ ಒಂದೊಂದು ಮೂರು ವಾರದಲ್ಲಿ ಎಂಟು ಮಂದಿಯ ಸರಣಿ ಮುಗಿಯುತ್ತದೆ. ವರ್ಷಕ್ಕೆ 130ಕ್ಕೂ ಹೆಚ್ಚು. ಅಲ್ಲಿಯವರೆಗೆ, ಮೊದಲ ಮಾತ್ರೆಯನ್ನೂ ಕಾಣದ 23 ಮಂದಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಹಗಲುರಾತ್ರಿ ತೆರೆದಿದೆ. ಕನ್ನಡದಲ್ಲೇ ಮಾತನಾಡಬಹುದು, ಕರೆಗೆ ದುಡ್ಡಿಲ್ಲ.